ಗೆರಸೆಯ ಮೇಲೆ ಬಿದ್ದ ಬೆಳಕು

ನಮ್ಮ ಮನೆಯಲ್ಲಿ ಹಾಲಿಗೂ ಪರೀಕ್ಷೆ ಇತ್ತು, ಚಾಪುಡಿಗೂ ಪರೀಕ್ಷೆ ಇತ್ತು. ಬೆಳಿಗ್ಗೆ ಹಾಲಿನ ಬೇಬಿಯಕ್ಕ ಕ್ಯಾನು ಇಳಿಸಿದ ಕೂಡಲೇ ಅಪ್ಪ ಒಂದು ಉದ್ದ ಲೋಟಕ್ಕೆ ಹಾಲು ಬಗ್ಗಿಸಿ, ಅದರಲ್ಲಿ ಗಾಜಿನ ಕಡ್ಡಿ ತೇಲಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಚಾಪುಡಿಯ ಹೊಸ ಪೊಟ್ಟಣ ಬಂದರೆ ಅದನ್ನು ಕಾಗದದ ಮೇಲೆ ಹರಡಿ, ಹಾಳಾದ ರೇಡಿಯೋದಿಂದ ಕಿತ್ತ ಅಯಸ್ಕಾಂತವನ್ನು ಮೇಲೆ ಆಡಿಸಿ, ಕಬ್ಬಿಣದ ಹುಡಿ ಹತ್ತುತ್ತದೋ ಎಂದು ಕಾಯುತ್ತಿದ್ದರು. ಸಕ್ಕರೆಗೆ ಸ್ಪ್ರಿಂಗ್ ತಕ್ಕಡಿ, ಸೀಮೆಎಣ್ಣೆಗೆ ಮೂಗು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅವರಿಗಾಗಿಯೇ ಹುಟ್ಟಿದ್ದು. ತನ್ನ ನೆರಳನ್ನೂ ನಂಬದ ಮನುಷ್ಯ ಎಂದು ಊರವರು ಹೇಳುತ್ತಿದ್ದರು. ಅಪ್ಪನಿಗೆ ಅದು ಹೊಗಳಿಕೆಯ ಹಾಗೆ ಕೇಳುತ್ತಿತ್ತು.

"ಜತ್ತಪ್ಪಣ್ಣ, ದನವೇ ನೀರು ಜಾಸ್ತಿ ಕುಡಿದ್ರೆ ನಾನೆಂತ ಮಾಡುದು?" ಎಂದು ಬೇಬಿಯಕ್ಕ ಕೇಳುತ್ತಿದ್ದಳು.

"ಕುಡಿಯುವ ನೀರು ಬೇರೆ, ಕುಡಿಸುವ ನೀರು ಬೇರೆ" ಎಂದು ಅಪ್ಪ ಕಡ್ಡಿ ಒರೆಸಿ ಇಡುತ್ತಿದ್ದರು.

ಗುಂಡ್ಯದಲ್ಲಿ ಘಾಟಿ ಹತ್ತುವ ಮೊದಲು ಲಾರಿಗಳು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ನಮ್ಮ ಹೋಟೆಲು. ಅದರ ಬೆನ್ನಿಗೆ ಅಂಟಿಕೊಂಡು ನಮ್ಮ ಮನೆ. ಹೋಟೆಲಿನ ಹಿಂಬಾಗಿಲು ತೆರೆದರೆ ನೇರ ನಮ್ಮ ಅಡಿಗೆಕೋಣೆ. ಎರಡು ಕಡೆಯ ಅನ್ನವೂ ಅಲ್ಲೇ ಬೇಯಬೇಕು. ಇದ್ದ ಒಂದೇ ಕಿಟಕಿ ಮಸಿ ಹಿಡಿದು ಗೋಡೆಯೇ ಆಗಿಹೋಗಿತ್ತು. ಪೂರ್ವಕ್ಕೆ ಘಾಟಿಯ ಗುಡ್ಡ ಅಡ್ಡ ನಿಂತದ್ದರಿಂದ ಬಿಸಿಲು ನಮ್ಮಲ್ಲಿಗೆ ಬರುವಾಗ ಪುತ್ತೂರಿನಲ್ಲಿ ಜನ ಎರಡನೇ ಚಾ ಕುಡಿದಿರುತ್ತಾರೆ ಎಂದು ಅಮ್ಮ ಹೇಳುತ್ತಿದ್ದಳು. ಹಾಗಾಗಿ ಬೆಳಗಿನ ಕೆಲಸವೆಲ್ಲ ಬಲ್ಬಿನ ಬೆಳಕಿನಲ್ಲಿ. ಆ ಬಲ್ಬನ್ನು ಪಶ್ಚಿಮದ ಗೋಡೆಗೆ, ಹಿಂಬಾಗಿಲ ತಲೆಯ ಮೇಲೆ ಹಾಕಿದ್ದರು. ಹೋಟೆಲಿನಿಂದ ವಯರು ಎಳೆಯಲು ಅದೇ ಹತ್ತಿರ, ಅಷ್ಟೇ ಕಾರಣ.

ಅಡಿಗೆಕೋಣೆಯ ಕಾನೂನು ದೇವಕಿ ಅತ್ತೆಯದು. ಅತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವರು. ಸೊಂಟದ ನೋವಿನಿಂದ ಕೆಲಸಕ್ಕೆ ಬಗ್ಗುತ್ತಿರಲಿಲ್ಲ, ಬಾಯಿಗೆ ನೋವಿರಲಿಲ್ಲ. ಅಕ್ಕಿ ಮುಟ್ಟುವವರು ಪೂರ್ವಕ್ಕೆ ಮುಖ ಮಾಡಿಯೇ ಕೂರಬೇಕು ಎಂಬುದು ಅವರ ನಿಯಮ. ದಕ್ಷಿಣಕ್ಕೆ ತಿರುಗಿದರೆ ತಿಥಿಯ ಅನ್ನಕ್ಕೆ ಸಮ, ಪಶ್ಚಿಮಕ್ಕೆ ತಿರುಗಿದರೆ ಅನ್ನಪೂರ್ಣೆಗೆ ಬೆನ್ನು ಹಾಕಿದಂತೆ. ಅಮ್ಮನ ಮಣೆ ಆ ನಿಯಮದ ಪ್ರಕಾರ ನೆಲದಲ್ಲಿ ಒಂದೇ ಕಡೆ ಇರುತ್ತಿತ್ತು. ದಿನಾ ಎಳೆದು ಎಳೆದು ಆ ಜಾಗದ ಕಾವಿ ನೆಲ ಮಾಸಿಹೋಗಿತ್ತು. ಅಲ್ಲಿ ಕೂತು ಅವಳು ಕುಚ್ಚಲಕ್ಕಿಯನ್ನು ಮೊರದಂಥ ಬಿದಿರಿನ ಗೆರಸೆಗೆ ಹಾಕಿಕೊಂಡು ಕಲ್ಲು ಹೆಕ್ಕುತ್ತಿದ್ದಳು.

ಅಪ್ಪನ ಕಡೆಯವರು ಕಡಬದವರು, ಮನೆಮಾತು ತುಳು. ಅಮ್ಮ ಸುಳ್ಯದ ಕಡೆಯವಳು, ಅವಳದು ಅರೆಭಾಷೆ. ಎರಡು ಕಡೆಯವರೂ ಗೌಡರೇ. ಆದರೆ ಅತ್ತೆಯ ಲೆಕ್ಕದಲ್ಲಿ ಹೊಳೆಯ ಆಚೆಯವರೆಲ್ಲ ಸ್ವಲ್ಪ ಒಳಗುಟ್ಟಿನವರು. ಸೋದರಮಾವ ಬಂದು ಅಮ್ಮನೊಡನೆ ಅರೆಭಾಷೆಯಲ್ಲಿ ಮಾತಾಡುತ್ತಿದ್ದರೆ ಅತ್ತೆ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದರು. ಅರ್ಧ ಮಾತು ಅವರಿಗೆ ಅರ್ಥವಾಗುತ್ತಿತ್ತು. ಉಳಿದ ಅರ್ಧದಲ್ಲಿ ತನ್ನನ್ನೇ ಬೈಯುತ್ತಿದ್ದಾರೆ ಎಂದು ಅವರು ದೃಢವಾಗಿ ನಂಬಿದ್ದರು. ಅತ್ತೆಯೂ ಅಪ್ಪನೂ ತುಳುವಿನಲ್ಲಿ ದನಿ ತಗ್ಗಿಸಿದರೆ ಅಮ್ಮನ ಕೈಯ ಸೌಟು ನಿಲ್ಲುತ್ತಿತ್ತು. ನನಗೆ ಎರಡೂ ಬರುತ್ತಿದ್ದುದರಿಂದ ಎರಡು ಕಡೆಯವರಿಗೂ ನನ್ನ ಮೇಲೆ ಅನುಮಾನ. ಇಂಥ ಮನೆಯಲ್ಲಿ ಬೆಳೆದ ಹುಡುಗಿ ಬಾಗಿಲ ಸಂದಿಯಲ್ಲಿ ನಿಂತು ನೋಡುವುದನ್ನು ಯಾರಿಂದಲೂ ಕಲಿಯಬೇಕಾಗಿಲ್ಲ.

ಬೆಳಕು ಅಳೆಯುವ ಮೀಟರು ನಮ್ಮ ಮನೆಗೆ ಬಂದದ್ದು ಸದಾಶಿವ ರಾಯರಿಂದ. ರಸ್ತೆ ಕೆಲಸದವರ ಕ್ಯಾಂಪಿಗೆ ದೀಪ ಹಾಕಿಸಲು ಮಂಗಳೂರಿನಿಂದ ಬಂದ ಎಂಜಿನಿಯರು ಅವರು; ಊಟ ನಮ್ಮ ಹೋಟೆಲಿನಲ್ಲಿ. ಕೆಲಸ ಮುಗಿಸಿ ಹೋಗುವಾಗ, ತನಗೆ ಹೊಸದು ಬಂದಿದೆ ಎಂದು ಹಳೆಯದನ್ನು ಅಪ್ಪನಿಗೆ ಕೊಟ್ಟರು. ಅಂಗೈಗಿಂತ ಸ್ವಲ್ಪ ದೊಡ್ಡ ಕಪ್ಪು ಪೆಟ್ಟಿಗೆ, ಗಾಜಿನೊಳಗೆ ಮುಳ್ಳು. ಪೆಟ್ಟಿಗೆಯಿಂದ ಹೊರಟ ಸುರುಳಿ ವಯರಿನ ತುದಿಯಲ್ಲಿ ಬಿಳಿಯ ಬಿಲ್ಲೆ. ರಾಯರು ಅದನ್ನು ಕಣ್ಣು ಎನ್ನುತ್ತಿದ್ದರು. ಆ ಕಣ್ಣನ್ನು ಮೇಲ್ಮುಖವಾಗಿ ಎಲ್ಲಿ ಇಟ್ಟರೂ ಅಲ್ಲಿ ಬಿದ್ದ ಬೆಳಕಿಗೆ ತಕ್ಕಂತೆ ಮುಳ್ಳು ಏಳುತ್ತಿತ್ತು. ಗಾಜಿನ ಮೇಲೆ ರಾಯರೇ ಒಂದು ಕೆಂಪು ಚುಕ್ಕೆ ಇಟ್ಟಿದ್ದರು. ಮುಳ್ಳು ಅದನ್ನು ದಾಟಿದರೆ ಕಣ್ಣಿನ ಕೆಲಸಕ್ಕೆ ಬೆಳಕು ಸಾಕು, ದಾಟದಿದ್ದರೆ ಸಾಲದು.

ಅಪ್ಪ ಮೊದಲು ಮೀಟರಿನ ಮೇಲೆಯೇ ಸಂಶಯಪಟ್ಟರು. ಅದಕ್ಕೆ ಬ್ಯಾಟರಿ ಇರಲಿಲ್ಲ, ಕೀಲಿಯೂ ಇರಲಿಲ್ಲ. "ಎಂತ ತಿಂದು ನಡಿಯುದು ಇದು?" ಎಂದು ಕೇಳಿದರು. ಬೆಳಕನ್ನೇ ತಿನ್ನುತ್ತದೆ ಎಂದು ರಾಯರು ಹೇಳಿದಾಗ ಅಪ್ಪನ ಮುಖದಲ್ಲಿ, ಹಾಲಿಗೆ ನೀರು ಹಾಕುವವರನ್ನು ನೋಡುವ ನೋಟವೇ ಇತ್ತು. ಆಮೇಲೆ ಸಂಶಯ ಬಲ್ಬಿನ ಅಂಗಡಿಯವನ ಕಡೆ ತಿರುಗಿತು. ಸ್ಟೂಲು ಹತ್ತಿ ಬಿಳಿಯ ಕಣ್ಣನ್ನು ಬಲ್ಬಿಗೆ ತಾಗುವಷ್ಟು ಹತ್ತಿರ ಹಿಡಿದರು. ರಾಯರು ಕೆಳಗಿನಿಂದ ನಕ್ಕರು.

"ಬಲ್ಬನ್ನು ಅಳೆಯುದಲ್ಲ ಜತ್ತಪ್ಪ ಗೌಡ್ರೆ. ಬಲ್ಬು ಎಷ್ಟು ಕೊಡ್ತದೆ ಅಂತ ಬಲ್ಬಿಗೇ ಗೊತ್ತು. ಕೆಲಸ ಮಾಡುವ ಜಾಗಕ್ಕೆ ಎಷ್ಟು ಬಿತ್ತು, ಅದು ನೋಡ್ಬೇಕು. ಮೇಜಿನ ಮೇಲೆ ಇಡಿ, ಹಲಗೆ ಮೇಲೆ ಇಡಿ."

ಆಮೇಲೆ ಅಪ್ಪ ಇಟ್ಟದ್ದೇ ಇಟ್ಟದ್ದು. ಗಲ್ಲಾದ ಮೇಲೆ, ದೇವರ ಮಂಟಪದ ಮುಂದೆ, ನಾನು ಓದುವ ಪುಸ್ತಕದ ಮೇಲೆ, ಒಮ್ಮೆ ಮಲಗಿದ್ದ ನಾಯಿಯ ಬೆನ್ನಿನ ಮೇಲೆ ಸಹ. ಲಾರಿಯವರಿಗೆ ಅದು ಮೋಜಾಯಿತು. ತಮ್ಮ ಬಾಳೆಲೆಯ ಮೇಲೂ ಇಡಿಸಿಕೊಂಡು ನೋಡುತ್ತಿದ್ದರು. ಅತ್ತೆ ಮಾತ್ರ ಅದು ಕೋಣೆಗೆ ಬಂದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಕಣ್ಣು ಎಂದು ಹೆಸರಿಟ್ಟ ಮೇಲೆ ಅದು ನೋಡದೆ ಇರುತ್ತದೆಯೇ ಎಂಬುದು ಅವರ ವಾದ.

ಹೀಗಿರುವಾಗ ಹಾಸನದ ಕಡೆಯ ಲಾರಿ ಡ್ರೈವರೊಬ್ಬ ಊಟದ ನಡುವೆ ಕಟಕ್ಕನೆ ಕಲ್ಲು ಕಡಿದ. ಹಲ್ಲಿನ ಚೂರನ್ನು ಎಲೆಯ ತುದಿಯಲ್ಲಿ ಇಟ್ಟು, ಅಪ್ಪನನ್ನು ಕರೆದು ತೋರಿಸಿದ.

"ಏನ್ ಸ್ವಾಮಿ, ಅನ್ನದ ಜೊತೆ ಜಲ್ಲೀನೂ ಬಡಿಸ್ತೀರಾ?"

ಸುತ್ತಲಿನವರು ಊಟ ನಿಲ್ಲಿಸಿ ತಮ್ಮ ಎಲೆಗಳನ್ನು ಕೆದಕತೊಡಗಿದರು. ಹೋಟೆಲಿನವನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಅಪ್ಪ ಮೊದಲು ಅಕ್ಕಿ ಮಿಲ್ಲಿನವನನ್ನು ಅನುಮಾನಿಸಿದರು. ಬೇರೆ ಮಿಲ್ಲಿನಿಂದ ತಂದ ಅಕ್ಕಿಯಲ್ಲೂ ಆ ವಾರ ಮತ್ತೆ ಕಲ್ಲು ಸಿಕ್ಕಿತು. ಆಗ ಅತ್ತೆ ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಹೊರಗೆ ಹಾಕಿದರು.

"ಅಕ್ಕಿಯಲ್ಲಿ ಕಲ್ಲು ಎಲ್ಲರ ಮನೆಯಲ್ಲೂ ಉಂಟು ಜತ್ತಪ್ಪ. ಹೆಕ್ಕುವವರ ಕಣ್ಣು ನೋಡು. ಇವಳ ಅಪ್ಪನಿಗೆ ಕಣ್ಣು ಹೋದದ್ದು ಮದುವೆಗೆ ಮೊದಲು ನಮಗೆ ಹೇಳಿದ್ದಾರಾ?"

"ಅಪ್ಪನಿಗೆ ಹೋದದ್ದು ಮುದಿ ಪ್ರಾಯದಲ್ಲಿ ಅತ್ತಿಗೆ" ಎಂದಳು ಅಮ್ಮ. "ಇಲ್ಲಿ ಬೆಳಕು ಸಾಲುದಿಲ್ಲ. ನಾನು ಎಷ್ಟು ಸಲ ಹೇಳಿದ್ದೇನೆ."

ಬೆಳಕು ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅಪ್ಪನ ಕಣ್ಣು ಹೊಳೆಯಿತು. ಕಣ್ಣೋ ಬೆಳಕೋ ಎಂಬ ಪ್ರಶ್ನೆಗೆ ಉತ್ತರ ಕೊಡುವ ಪೆಟ್ಟಿಗೆ ಅವರ ಕೈಯಲ್ಲೇ ಇತ್ತಲ್ಲ. ಮರುದಿನ ಬೆಳಿಗ್ಗೆ, ಅಮ್ಮ ಅಕ್ಕಿ ಹೆಕ್ಕುವ ಹೊತ್ತಿಗೇ ಬಂದರು. ಅಮ್ಮನನ್ನು ಎಬ್ಬಿಸಿದರು. ಅಕ್ಕಿ ತುಂಬಿದ ಗೆರಸೆಯ ನಡುವೆ ಬಿಳಿಯ ಕಣ್ಣನ್ನು ಇಟ್ಟು, ತಾವು ವಯರು ಎಷ್ಟು ದೂರ ಎಟಕುತ್ತದೋ ಅಷ್ಟು ದೂರ ಸರಿದು ಕೂತರು. "ಯಾರೂ ಬೆಳಕಿಗೆ ಅಡ್ಡ ಬರ್ಬೇಡಿ" ಎಂದು ನಮ್ಮೆಲ್ಲರನ್ನು ಗೋಡೆಗೆ ಒತ್ತಿ ನಿಲ್ಲಿಸಿದರು. ಮುಳ್ಳು ಎದ್ದಿತು, ಕೆಂಪು ಚುಕ್ಕೆಯನ್ನು ದಾಟಿ ನಿಂತಿತು. ಅಪ್ಪ ಪೆಟ್ಟಿಗೆಯನ್ನು ಕುಲುಕಿ, ಮತ್ತೊಮ್ಮೆ ಇಟ್ಟು ನೋಡಿದರು. ಮತ್ತೆ ದಾಟಿತು.

"ಬೆಳಕು ಬೇಕಾದಷ್ಟು ಉಂಟು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಹಾಲಿನ ಫಲಿತಾಂಶ ಹೇಳುವ ದನಿಯೇ ಇತ್ತು. "ಹಾಗಾದ್ರೆ ಕಣ್ಣೇ. ನಾನು ನಿನ್ನ ಅಣ್ಣನಿಗೆ ಹೇಳಿ ಕಳಿಸ್ತೇನೆ. ಸುಳ್ಯಕ್ಕೆ ಹೋಗಿ ಇರು. ಅವರೇ ಕಣ್ಣು ತೋರಿಸಲಿ. ಸರಿಯಾದ ಮೇಲೆ ಬಂದ್ರೆ ಸಾಕು."

ಸರಿಯಾದ ಮೇಲೆ ಎಂಬ ಮಾತಿನ ಅರ್ಥ ನನಗೆ ಗೊತ್ತಿತ್ತು. ನಮ್ಮ ಎದುರು ಮನೆಯ ಗರಾಜಿನವನ ಹೆಂಡತಿಯನ್ನು ಹೊಟ್ಟೆನೋವಿನ ಮದ್ದಿಗೆಂದು ತವರಿಗೆ ಕಳಿಸಿದ್ದರು. ಹೊಟ್ಟೆನೋವು ವಾಸಿಯಾದ ಸುದ್ದಿ ಬಂತು, ಕರೆದುಕೊಂಡು ಬರಲು ಮಾತ್ರ ಯಾರೂ ಹೋಗಲಿಲ್ಲ. ಅಮ್ಮ ಸುಳ್ಯಕ್ಕೆ ಹೋದರೆ ಆ ಮಣೆಯ ಮೇಲೆ ಇನ್ನೊಬ್ಬಳು ಬಂದು ಕೂರುತ್ತಾಳೆ ಎಂದು ನನಗೆ ಹೆದರಿಕೆಯಾಯಿತು. ಅಪ್ಪನ ಮೇಲೆ ಆ ದಿನ ಹುಟ್ಟಿದ ಸಿಟ್ಟು ಈಗ ಅವರು ಇಲ್ಲದ ಇಷ್ಟು ವರ್ಷಗಳ ಮೇಲೂ ಪೂರ್ತಿ ಆರಿಲ್ಲ. ಅಮ್ಮ ಅಳಲಿಲ್ಲ. ನೀರು ತರುವ ನೆಪದಲ್ಲಿ ನನ್ನನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದಳು.

"ವಾರಿಜಾ, ನಾನು ಹೆಕ್ಕಿ ಇಟ್ಟ ಮೇಲೆ ನಿನ್ನ ಅತ್ತೆ ಅಕ್ಕಿ ಹತ್ರ ಹೋಗುದು ನೀನು ನೋಡಿದ್ದೀಯಾ?"

ನಾನು ನೋಡಿರಲಿಲ್ಲ. ಆದರೆ ಹಾಗೆ ಕೇಳಿದ ಮೇಲೆ, ನೋಡಿದ್ದೇನೆ ಎಂದೇ ಅನಿಸತೊಡಗಿತು. ಅನುಮಾನ ಎಂದರೆ ಹಾಗೆಯೇ. ಬಿತ್ತಿದರೆ ಸಾಕು, ಗೊಬ್ಬರ ಬೇಡ. ಅಂದಿನಿಂದ ನಾನು ಅತ್ತೆಯ ಬೆನ್ನು ಬಿಡಲಿಲ್ಲ. ಅವರು ಎಲೆಯಡಿಕೆ ಹಾಕಿಕೊಳ್ಳಲು ಸೆರಗಿನ ಗಂಟು ಬಿಚ್ಚಿದರೆ ಅದರಲ್ಲಿ ಕಲ್ಲು ಇದೆಯೋ ಎಂದು ಬಗ್ಗಿ ನೋಡಿದೆ. ಅತ್ತೆ ಅದನ್ನು ಕಂಡುಹಿಡಿದು, ಸುಣ್ಣದ ಬೆರಳನ್ನು ನನ್ನ ಮೂಗಿನ ಹತ್ತಿರ ತಂದು, "ಎಂತ ಹುಡುಕುದು ನೀನು? ನಿನ್ನ ಅಮ್ಮ ಕಳಿಸಿದ್ದಾ?" ಎಂದರು. ಅವರ ಗಂಟಿನಲ್ಲಿ ಅಡಿಕೆಯ ಹೋಳು ಬಿಟ್ಟು ಬೇರೆ ಏನೂ ಇರಲಿಲ್ಲ. ಕಲ್ಲು ಸಿಗದೇ ಹೋದದ್ದಕ್ಕೆ ನನಗೆ ಅಳು ಬಂತು. ಅವರು ಕಳ್ಳಿಯಾಗಿದ್ದರೆ ಅಮ್ಮ ಉಳಿಯುತ್ತಿದ್ದಳು.

ಸೋದರಮಾವ ಬರುವ ದಿನ ಬಂತು. ಅಮ್ಮನ ಬಟ್ಟೆಯ ಚೀಲ ಬಾಗಿಲ ಬಳಿ ಕೂತಿತ್ತು. ಹೋಟೆಲಿನ ಮಧ್ಯಾಹ್ನದ ಊಟ ನಿಲ್ಲುವ ಹಾಗಿರಲಿಲ್ಲ, ಹಾಗಾಗಿ ಅಮ್ಮ ಹೋಗುವ ಸೀರೆಯಲ್ಲೇ ಮಣೆಯ ಮೇಲೆ ಕೂತು ಕೊನೆಯ ಗೆರಸೆಯ ಅಕ್ಕಿ ಹೆಕ್ಕುತ್ತಿದ್ದಳು. ನಾನು ಅವಳಿಗೆ ಅಂಟಿಕೊಂಡೇ ಕೂತಿದ್ದೆ. ಅಪ್ಪನ ಮೀಟರು ಅಲ್ಲೇ ಕಡೆಗೋಲಿನ ಗೂಟಕ್ಕೆ ನೇತಾಡುತ್ತಿತ್ತು. ಅದರ ಮೇಲೆ ನನಗೆ ಎಷ್ಟು ದ್ವೇಷ ಹುಟ್ಟಿತ್ತೆಂದರೆ, ಅದನ್ನು ಇಳಿಸಿ ಆ ಬಿಳಿಯ ಕಣ್ಣನ್ನು ಅಕ್ಕಿಯೊಳಗೆ ಹೂತು ಉಸಿರು ಕಟ್ಟಿಸಬೇಕು ಅನಿಸಿತು. ಗೆರಸೆಯ ನಡುವೆ ಒತ್ತಿದೆ. ಅದು ಪೂರ್ತಿ ಮುಳುಗಲಿಲ್ಲ, ಮುಖ ಮೇಲೆಯೇ ಉಳಿಯಿತು. ಪೆಟ್ಟಿಗೆಯಲ್ಲಿ ಮುಳ್ಳು ನೋಡಿದರೆ ಕೆಂಪು ಚುಕ್ಕೆಯ ಎಷ್ಟೋ ಕೆಳಗೆ ಬಿದ್ದಿತ್ತು. ಉಸಿರು ಕಟ್ಟಿದ್ದು ಹೌದು ಎಂದುಕೊಂಡೆ. ಅಷ್ಟರಲ್ಲಿ ಒಲೆಯ ಗಂಜಿ ಉಕ್ಕಿತೆಂದು ಅಮ್ಮ ಎದ್ದಳು. ಮುಳ್ಳು ತಟ್ಟನೆ ಎದ್ದು ಚುಕ್ಕೆ ದಾಟಿತು. ಅಮ್ಮ ಬಂದು ಕೂತು ಬಗ್ಗಿದಳು. ಮುಳ್ಳು ಬಿತ್ತು.

ನಾನು ತಿರುಗಿ ನೋಡಿದೆ. ಬಲ್ಬು ಅಮ್ಮನ ಬೆನ್ನ ಹಿಂದಿನ ಗೋಡೆಯಲ್ಲಿತ್ತು. ಅತ್ತೆಯ ನಿಯಮದ ಪ್ರಕಾರ ಪೂರ್ವಕ್ಕೆ ಕೂತ ಅಮ್ಮನ ತಲೆಯ ನೆರಳು ಗೆರಸೆಯ ಮೇಲೆ, ಅವಳ ಬೆರಳುಗಳು ಓಡಾಡುವ ಜಾಗದಲ್ಲೇ ಬಿದ್ದಿತ್ತು. ಅಪ್ಪ ಅಷ್ಟು ಜತನದಿಂದ ಅಳೆದದ್ದು, ಯಾರೂ ಕೆಲಸ ಮಾಡದೆ ಇರುವಾಗ ಬೀಳುವ ಬೆಳಕನ್ನು.

ನನ್ನ ಕೂಗಿಗೆ ಅಪ್ಪ ಗಲ್ಲಾ ಬಿಟ್ಟು ಬಂದರು. ಮುಳ್ಳು ಬೀಳುವುದನ್ನು ನೋಡಿದರು. ನನ್ನನ್ನು ನೋಡಿದರು.

"ನೀನು ಬೆರಳು ಅಡ್ಡ ಇಟ್ಟಿದ್ದೀಯಾ?"

"ಇಲ್ಲ ಅಪ್ಪ. ಅಮ್ಮ ಕೂತ್ರೆ ಬೀಳ್ತದೆ, ಎದ್ರೆ ಏಳ್ತದೆ."

ಅಪ್ಪ ನಂಬಲಿಲ್ಲ. ಅಮ್ಮನನ್ನು ಎಬ್ಬಿಸಿ ಅತ್ತೆಯನ್ನು ಕೂರಲು ಹೇಳಿದರು. "ನನ್ನನ್ನು ಅಳೆಯುದೆಲ್ಲ ಬೇಡ ಮಾರಾಯ" ಎಂದು ಅತ್ತೆ ಹಿಂದೆ ಸರಿದರೂ ಅಪ್ಪ ಬಿಡಲಿಲ್ಲ. ಸೊಂಟ ಹಿಡಿದುಕೊಂಡು ಅತ್ತೆ ಕೂತರು. ಮುಳ್ಳು ಬಿತ್ತು. ಕೊನೆಗೆ ಅಪ್ಪ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು ತಾವೇ ಮಣೆಯ ಮೇಲೆ ಕೂತರು. ಅಮ್ಮನ ಹಾಗೆ ಬಗ್ಗಿದರು. ಅವರದು ದೊಡ್ಡ ದೇಹ; ಮುಳ್ಳು ತಳಕ್ಕೆ ಹೋಗಿ ಮಲಗಿತು. ಅಲ್ಲಿ ಬಗ್ಗಿದವರು ಹಾಗೆಯೇ ಬಹಳ ಹೊತ್ತು ಅಕ್ಕಿಯನ್ನು ನೋಡುತ್ತಿದ್ದರು. ಬಾಳೆಲ್ಲ ಪರರ ಹಾಲು, ಪರರ ಸಕ್ಕರೆ ಪರೀಕ್ಷಿಸಿದ ಮನುಷ್ಯ ಮೊದಲ ಸಲ ತನ್ನ ಹೆಂಡತಿ ಕೂರುವ ಜಾಗದಲ್ಲಿ ಕೂತಿದ್ದರು.

"ಕಾಣುದಿಲ್ಲ" ಎಂದರು, ಯಾರಿಗೆ ಎಂದು ಇಲ್ಲದೆ.

ಆ ಹೊತ್ತಿಗೆ ಸೋದರಮಾವ ಬಂದು ಹಿಂಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಅಪ್ಪ ಕ್ಷಮೆ ಕೇಳುವ ಮನುಷ್ಯರಲ್ಲ. ಎದ್ದು ಪಂಚೆಯ ತವುಡು ಕೊಡವಿ, "ಭಾವ, ಊಟ ಮಾಡಿ ಹೋಗಿ. ಇವಳು ಬರುದಿಲ್ಲ" ಎಂದರು. ಆಮೇಲೆ ಏಣಿ ಹುಡುಕಲು ಹೋದರು. ಅಂದೇ ಸಂಜೆಯೊಳಗೆ ಬಲ್ಬು ಪೂರ್ವದ ಗೋಡೆಗೆ, ಅಮ್ಮನ ಮುಖದ ಎದುರಿಗೆ ಬಂತು. ಅತ್ತೆ ತಮ್ಮ ನಿಯಮ ಉಳಿಯಿತೆಂದು ಸಮಾಧಾನಪಟ್ಟರು. ಅಮ್ಮ ಚೀಲದಿಂದ ಬಟ್ಟೆ ತೆಗೆದು ಪೆಟ್ಟಿಗೆಗೆ ಹಾಕುವುದನ್ನು ನಾನು ಕೊನೆಯ ಸೀರೆಯ ತನಕ ನಿಂತು ನೋಡಿದೆ. ಸಂತೋಷವಾಗಿತ್ತು, ಆದರೂ ಪೂರ್ತಿ ನಂಬಿಕೆ ಬರಲಿಲ್ಲ.

ಈಗ ಬೆಳಕು ಅಳೆಯುವುದು ನನ್ನ ಫೋನಿನಲ್ಲೇ ಇದೆ. ಮೊಮ್ಮಗಳು ಓದಲು ಕೂರುವ ಮೇಜಿನ ಮೇಲೆ ಅದನ್ನು ಇಡುವ ಮೊದಲು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಪುಸ್ತಕ ತೆರೆಸಿ, ಬಗ್ಗಲು ಹೇಳುತ್ತೇನೆ. ಇವರಿಗೆ ಎಲ್ಲದರ ಮೇಲೂ ಅನುಮಾನ ಎಂದು ಮನೆಯಲ್ಲಿ ನಗುತ್ತಾರೆ. ನಗಲಿ. ಮಾವಿನ ಮರಕ್ಕೆ ಬೇವಿನ ಕಾಯಿ ಬಿಡುತ್ತದೆಯೇ. ಆದರೆ ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಅಪ್ಪನಿಗೂ ಅದು ಕೊನೆಯವರೆಗೆ ಗೊತ್ತಾಗಲಿಲ್ಲ. ನಾನು ಕೆಲಸಕ್ಕೆ ಸೇರಿ, ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಪುತ್ತೂರಿಗೆ ಕರೆದುಕೊಂಡು ಹೋಗಿ ಎರಡೂ ಕಣ್ಣಿನ ಪೊರೆ ತೆಗೆಸಿದೆ. ಇದು ಎಷ್ಟೋ ವರ್ಷದಿಂದ ಬೆಳೆದದ್ದು, ಇಷ್ಟು ದಿನ ಹೇಗೆ ಕೆಲಸ ಮಾಡಿದಿರಿ ಎಂದು ಡಾಕ್ಟರು ಕೇಳಿದರು. ಅಮ್ಮ ನನ್ನ ಕಡೆ ನೋಡಲಿಲ್ಲ, ನಾನೂ ಅವಳ ಕಡೆ ನೋಡಲಿಲ್ಲ.

ಬಲ್ಬು ಜಾಗ ಬದಲಿಸಿದ ಮರುದಿನ ಬೆಳಿಗ್ಗೆ ಅಮ್ಮ ಎಂದಿನಂತೆ ಮಣೆಯ ಮೇಲೆ ಕೂತಳು. ಎದುರಿನ ಬೆಳಕು ಗೆರಸೆಯ ತುಂಬ ಬಿದ್ದು ಅಕ್ಕಿಯ ಕೆಂಪು ಗೆರೆಗಳೂ ನನಗೆ ಕಾಣುತ್ತಿದ್ದವು. ನಾನು ಮೀಟರು ಇಟ್ಟು ನೋಡಿದೆ. ಅಮ್ಮ ಬಗ್ಗಿದರೂ ಮುಳ್ಳು ಚುಕ್ಕೆಯನ್ನು ದಾಟಿಯೇ ನಿಂತಿತ್ತು. ಅಪ್ಪ ಹೋಟೆಲಿನಿಂದಲೇ ಕೂಗಿ ಕೇಳಿದರು.

"ಈಗ ಸಾಕಾ ಬೆಳಕು?"

"ಸಾಕು, ಸಾಕು. ಎಲ್ಲ ಕಾಣ್ತದೆ" ಎಂದಳು ಅಮ್ಮ.

ಅವಳ ಬೆರಳುಗಳು ಅಕ್ಕಿಯನ್ನು ಸವರಿಕೊಂಡು ಮುಂದೆ ಹೋದವು. ಅವಳು ನೋಡಿ ಹೆಕ್ಕುತ್ತಿರಲಿಲ್ಲ, ಮುಟ್ಟಿ ಹೆಕ್ಕುತ್ತಿದ್ದಳು. ಗೆರಸೆಯ ಅಂಚಿನಲ್ಲಿ, ಬೆಳಕು ಚೆನ್ನಾಗಿ ಬಿದ್ದ ಕಡೆಯಲ್ಲೇ, ಅಕ್ಕಿಯಷ್ಟೇ ದೊಡ್ಡ ಬಿಳಿ ಕಲ್ಲೊಂದು ಕೂತಿತ್ತು. ಅಮ್ಮನ ಕಣ್ಣು ಅದರ ಮೇಲೆ ಬಂತು, ನಿಲ್ಲದೆ ದಾಟಿ ಹೋಯಿತು. ಅಪ್ಪ ಅಳೆದ ರೀತಿ ತಪ್ಪು, ಕಣ್ಣೇ ಎಂದು ಹೇಳಿದ ಮಾತು ಸರಿ ಎಂದು ನನಗೆ ಆಗ ಗೊತ್ತಾಯಿತು. ನಾನು ಬಾಗಿಲ ಕಡೆ ನೋಡಿದೆ. ಅತ್ತೆ ಅಲ್ಲಿರಲಿಲ್ಲ. ಕೈ ಚಾಚಿ ಕಲ್ಲನ್ನು ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

ಅಮ್ಮನ ಕೈ ಅಕ್ಕಿಯ ಮೇಲೆ ನಿಂತಿತು. ಆಮೇಲೆ ಅದು ನನ್ನ ಮುಷ್ಟಿಯನ್ನು ಹುಡುಕಿ ಹಿಡಿದು, ಒಂದೊಂದೇ ಬೆರಳು ಬಿಡಿಸಿ, ಕಲ್ಲನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿತು. ಅವಳು ಅದನ್ನು ಒಲೆಯ ಬೂದಿಗೆ ಎಸೆದಳು. ಗೆರಸೆಯನ್ನು ಅರ್ಧ ನನ್ನ ತೊಡೆಯ ಮೇಲೆ ಬರುವ ಹಾಗೆ ಎಳೆದಳು.

"ನಾಳೆಯಿಂದ ನೀನೂ ಒಂದು ಮಣೆ ಹಾಕಿಕೊ" ಎಂದಳು. "ಇಬ್ರು ಕೂತ್ರೆ ಬೇಗ ಆಗ್ತದೆ."